ಇಪ್ಪತ್ತೊಂಬತ್ತು ಅಂಕಗಳ ಒಂದು ಸಂಖ್ಯೆ

ಕಳೆದ ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಒಂದು ಸ್ವಾಧ್ಯಾಯ ಗೋಷ್ಠಿಯಲ್ಲಿ ಮಾತನಾಡುವ ಅವಕಾಶ ನನಗೆ ಒದಗಿತ್ತು. ಗಣಿತವೆಂದರೆ ನನಗೆ ಮೊದಲಿನಿಂದಲೂ ಒಲವು. ಆದಕಾರಣ ಗೊಮ್ಮಟಸಾರದ ಜೀವಕಾಂಡದಲ್ಲಿ ಬರುವ ಪರ್ಯಾಪ್ತ ಮನುಷ್ಯರ ಸಂಖ್ಯೆಯನ್ನು ಕಪ್ಪು ಹಲಗೆಯ ಮೇಲೆ ಬರೆದು, ಅದರ ಸುತ್ತ ಮಾತನ್ನು ಹೆಣೆದೆ. ಆ ಸಂಖ್ಯೆ ಇದು:

79228162514264337593543950336

ಷಟ್ಖಂಡಾಗಮದ ಸೂತ್ರವು ಮನುಷ್ಯರ ಸಂಖ್ಯೆಗೆ ಹಾಕಿರುವ ಎಲ್ಲ ಮಿತಿಗಳ ಒಳಗೆ ಈ ಸಂಖ್ಯೆ ಕುಳಿತುಕೊಳ್ಳುತ್ತದೆ ಎಂದು, ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದ್ದುದನ್ನೇ ಅಂದೂ ಹೇಳಿದೆ. ಸಭೆ ತಲೆದೂಗಿತು. ಹಿಂದಿನ ಸಾಲಿನಲ್ಲಿದ್ದ, ಬಿ.ಎಸ್‌ಸಿ. ಓದುತ್ತಿರುವ ಒಬ್ಬ ಹುಡುಗಿ ಮಾತ್ರ ಎದ್ದು ನಿಂತಳು. "ಅಜ್ಜಾರೇ, ಕೋಟಿಯನ್ನ ನಾಲ್ಕು ಸಲ ಗುಣಿಸಿದರ ಒಂದರ ಮುಂದ ಇಪ್ಪತ್ತೆಂಟು ಸೊನ್ನಿ ಬರ್ತಾವ. ಅದೂ ಇಪ್ಪತ್ತೊಂಬತ್ತೇ ಅಂಕ. ನೀವು ಬರೆದದ್ದು ಏಳರಿಂದ ಶುರುವಾಗ್ತದ. ಹಂಗಾದ್ರ ನಿಮ್ಮದು ಮಿತಿಗಿಂತ ದೊಡ್ಡದಾತಲ್ಲ?" ಎಂದಳು. ನೋಡಿ ಹೇಳುತ್ತೇನೆ ಎಂದು ಕುಳಿತೆ. ಕಲ್ಮಲದ ಅಂಗಡಿಯ ಗಾದಿಯ ಮೇಲೆ ನಲವತ್ತು ವರ್ಷ ಕಿರ್ದಿ-ಖಾತೆ ಬರೆದವನಿಗೆ ಒಂದು ಸಂಖ್ಯೆಯ ಅಂಕಗಳನ್ನು ಎಣಿಸಿ ನೋಡಬೇಕೆಂಬುದು ಅಷ್ಟು ವರ್ಷ ಹೊಳೆದಿರಲಿಲ್ಲ. ಅಂದು ಬಾಕಿ ಉಳಿದ ಉತ್ತರವೇ ಪ್ರಸ್ತುತ ಲೇಖನ.

ಮೊದಲು ಸಂಖ್ಯೆಯ ಹುಟ್ಟನ್ನು ನೋಡೋಣ. ಎರಡನ್ನು ಎರಡರಿಂದಲೇ ಗುಣಿಸಿದರೆ ನಾಲ್ಕು. ಇದು ಪ್ರಥಮ ವರ್ಗ. ನಾಲ್ಕನ್ನು ನಾಲ್ಕರಿಂದ ಗುಣಿಸಿದರೆ 16, ಅದರ ವರ್ಗ 256, ಅದರ ವರ್ಗ 65536. ಐದನೆಯ ವರ್ಗ 4294967296. ಆರನೆಯದು 18446744073709551616. ನಮ್ಮ ಆಚಾರ್ಯರು ಈ ಕೊನೆಯ ಮೂರಕ್ಕೆ ಪ್ರಾಕೃತದಲ್ಲಿ ಅಡ್ಡಹೆಸರುಗಳನ್ನೇ ಇಟ್ಟಿದ್ದಾರೆ. 65536 ಎಂಬುದು ಪಣ್ಣಟ್ಠಿ, ಐದನೆಯ ವರ್ಗ ಬಾದಾಲ, ಆರನೆಯದು ಏಕಟ್ಠಿ. ಪಣ್ಣಟ್ಠಿಯಲ್ಲಿ ಅರವತ್ತೈದು, ಬಾದಾಲದಲ್ಲಿ ನಲವತ್ತೆರಡು, ಏಕಟ್ಠಿಯಲ್ಲಿ ಒಂದು ಮತ್ತು ಎಂಟು, ಹೀಗೆ ಸಂಖ್ಯೆಯ ಮೊದಲ ಎರಡು ಅಂಕಗಳೇ ಹೆಸರಾಗಿವೆ. ಗಂಜಿನಲ್ಲಿ ಹಮಾಲರು ಉದ್ದನೆಯ ಹೆಸರಿನ ವ್ಯಾಪಾರಿಯನ್ನು ಮೊದಲೆರಡು ಅಕ್ಷರಗಳಿಂದ ಕೂಗುವ ಹಾಗೆ. ದಿನವೂ ಬಳಸುವವರು ಮಾತ್ರ ಒಂದು ವಸ್ತುವಿಗೆ ಅಡ್ಡಹೆಸರಿಡುತ್ತಾರೆ. ಈ ಸಂಖ್ಯೆಗಳು ಅವರಿಗೆ ಅಷ್ಟು ಬಳಕೆಯವಾಗಿದ್ದವು.

ಚದುರಂಗದ ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ಧಾನ್ಯದ ಕಾಳುಗಳನ್ನು ಇಮ್ಮಡಿಸುತ್ತ ಹೋಗುವ ಕಥೆ ಎಲ್ಲರಿಗೂ ಗೊತ್ತು. ಅರವತ್ತನಾಲ್ಕು ಮನೆಗಳಲ್ಲಿ ಕೂಡುವ ಒಟ್ಟು ಕಾಳುಗಳು ಏಕಟ್ಠಿಗೆ ಒಂದೇ ಒಂದು ಕಡಿಮೆ. ಮನುಷ್ಯಸಂಖ್ಯೆ ಅದಕ್ಕೂ ಬಹಳ ಮುಂದಿನದು. ಏಕಟ್ಠಿಯನ್ನು ಬಾದಾಲದಿಂದ ಗುಣಿಸಿದರೆ ಮೇಲೆ ಬರೆದ ಇಪ್ಪತ್ತೊಂಬತ್ತು ಅಂಕಗಳು ಬರುತ್ತವೆ. ಏಕಟ್ಠಿಯೇ ಬಾದಾಲದ ವರ್ಗವಾದ್ದರಿಂದ, ಬಾದಾಲವನ್ನು ಮೂರು ಬಾರಿ ಇಟ್ಟು ಗುಣಿಸಿದರೂ ಅದೇ ಬರುತ್ತದೆ. ಅಂದರೆ ಇದು ಪಂಚಮ ವರ್ಗದ ಘನ. ಗೊಮ್ಮಟಸಾರದ ಕರ್ತೃ ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಹೇಳುವುದೂ ಹಾಗೆಯೇ. ಶ್ರವಣಬೆಳಗೊಳದಲ್ಲಿ ಕ್ರಿ.ಶ. 981ರ ಸುಮಾರಿಗೆ ಗೊಮ್ಮಟ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಿಗೆ ಅವರು ಗುರುಗಳು. ಗ್ರಂಥದ ಹೆಸರಿನಲ್ಲಿರುವ ಗೊಮ್ಮಟನೂ ಆ ಚಾವುಂಡರಾಯನೇ.

ಇದೇ ಆಚಾರ್ಯರ ತ್ರಿಲೋಕಸಾರದಲ್ಲಿ ಸಂಖ್ಯೆಗಳನ್ನು ಹದಿನಾಲ್ಕು ಧಾರೆಗಳಾಗಿ ಹರಿಸಿದ್ದಾರೆ. ಎರಡರಿಂದ ಹೊರಟು ವರ್ಗ ಮಾಡುತ್ತ ಹೋದರೆ ದ್ವಿರೂಪವರ್ಗಧಾರೆ. ನಮ್ಮ ಸಂಖ್ಯೆ ಆ ಧಾರೆಯಲ್ಲಿ ಸಿಗುವುದಿಲ್ಲ. ಆರನೆಯ ವರ್ಗವನ್ನು ದಾಟಿದೆ, ಏಳನೆಯದನ್ನು ಮುಟ್ಟಿಲ್ಲ. ಆದರೆ ಎರಡರ ಘನವಾದ ಎಂಟರಿಂದ ಹೊರಟು 64, 4096, 16777216 ಎಂದು ವರ್ಗ ಮಾಡುತ್ತ ಹೋಗುವ ದ್ವಿರೂಪಘನಧಾರೆಯಲ್ಲಿ ಅದು ಆರನೆಯ ಪದವಾಗಿ ನಿಲ್ಲುತ್ತದೆ. ಎಂಟನ್ನು ಐದು ಬಾರಿ ವರ್ಗ ಮಾಡಿದರೆ ಮನುಷ್ಯಸಂಖ್ಯೆ! ಕಾಗದದ ಮೇಲೆ ಈ ಐದು ಗುಣಾಕಾರಗಳನ್ನು ಒಮ್ಮೆ ಮಾಡಿ ನೋಡಲು ಓದುಗರನ್ನು ಪ್ರಾರ್ಥಿಸುತ್ತೇನೆ. ಕೊನೆಯದಕ್ಕೆ ಒಂದು ಮಧ್ಯಾಹ್ನ ಬೇಕು.

ಸಂಖ್ಯೆಯ ನಿಜವಾದ ಗುಣ ಇರುವುದು ಅರ್ಧಚ್ಛೇದದಲ್ಲಿ. ಒಂದು ರಾಶಿಯನ್ನು ಅರ್ಧ ಮಾಡುತ್ತ ಹೋಗಿ ಒಂದಕ್ಕೆ ಬಂದು ನಿಲ್ಲುವವರೆಗೆ ಎಷ್ಟು ಬಾರಿ ಅರ್ಧಿಸಿದೆವು ಎಂಬುದೇ ಆ ರಾಶಿಯ ಅರ್ಧಚ್ಛೇದ. ಹದಿನಾರಕ್ಕೆ ನಾಲ್ಕು, ಬಾದಾಲಕ್ಕೆ 32, ಏಕಟ್ಠಿಗೆ 64. ಎರಡು ರಾಶಿಗಳನ್ನು ಗುಣಿಸಿದಾಗ ಅವುಗಳ ಅರ್ಧಚ್ಛೇದಗಳು ಕೂಡುತ್ತವೆ ಎಂಬ ನಿಯಮವನ್ನು ಕ್ರಿ.ಶ. 816ರಲ್ಲಿ ಮುಗಿದ ಧವಲಾ ಟೀಕೆಯಲ್ಲಿ ವೀರಸೇನಾಚಾರ್ಯರು ಧಾರಾಳವಾಗಿ ಬಳಸಿದ್ದಾರೆ. 64ಕ್ಕೆ 32 ಕೂಡಿದರೆ 96. ಹಾಗಾಗಿ ಮನುಷ್ಯಸಂಖ್ಯೆಯನ್ನು ತೊಂಬತ್ತಾರು ಬಾರಿ ಅರ್ಧಿಸಬಹುದು, ಎಲ್ಲಿಯೂ ಶೇಷ ಉಳಿಯದು. ಶ್ವೇತಾಂಬರ ಆಗಮವಾದ ಅನುಯೋಗದ್ವಾರ ಸೂತ್ರವೂ ಈ ಸಂಖ್ಯೆಯನ್ನು ಇದೇ ಎರಡು ಬಗೆಗಳಲ್ಲಿ ಹೇಳುತ್ತದೆ: ಆರನೆಯ ವರ್ಗವನ್ನು ಐದನೆಯದರಿಂದ ಗುಣಿಸಿದ್ದು, ತೊಂಬತ್ತಾರು ಬಾರಿ ಅರ್ಧವಾಗುವುದು. ಕಲ್ಕತ್ತೆಯ ವಿದ್ವಾಂಸ ಬಿಭೂತಿಭೂಷಣ ದತ್ತರು 1929ರಲ್ಲಿ ಜೈನ ಗಣಿತ ಪರಂಪರೆಯ ಬಗ್ಗೆ ಬರೆದ ಲೇಖನದಿಂದ ಈ ವಿಷಯ ಹೊರಗಿನ ಗಣಿತಜ್ಞರಿಗೂ ತಿಳಿಯಿತು. ವಸ್ತ್ರದ ವಿಷಯದಲ್ಲಿ, ಸ್ತ್ರೀಮುಕ್ತಿಯ ವಿಷಯದಲ್ಲಿ ಒಪ್ಪದ ಎರಡು ಸಂಪ್ರದಾಯಗಳು ಇಪ್ಪತ್ತೊಂಬತ್ತು ಅಂಕಗಳಲ್ಲಿ ಒಂದಕ್ಕೂ ಜಗಳವಾಡಿಲ್ಲ.

ಇಲ್ಲಿ ಒಂದು ಮಾತು. ಅರ್ಧಚ್ಛೇದವನ್ನು ತೋರಿಸಿ, ಸ್ಕಾಟ್ಲೆಂಡಿನ ನೇಪಿಯರ್ 1614ರಲ್ಲಿ ಪ್ರಕಟಿಸಿದ ಲಾಗರಿದಮ್ಮನ್ನು ನಾವು ಎಂಟುನೂರು ವರ್ಷ ಮೊದಲೇ ಕಂಡುಹಿಡಿದಿದ್ದೆವು ಎಂದು ಭಾಷಣಗಳಲ್ಲಿ ಹೇಳುವವರಿದ್ದಾರೆ, ನಾನೂ ಹೇಳಿದ್ದೇನೆ. ಕೂಡುವ ನಿಯಮ ಒಂದೇ ಎಂಬುದು ನಿಜ. ಆದರೆ ನೇಪಿಯರನ ಕೋಷ್ಟಕ ಯಾವುದೇ ಸಂಖ್ಯೆಗೆ ಒದಗುತ್ತದೆ. ಅರ್ಧಚ್ಛೇದವಾದರೋ ಎರಡರ ಮಡಿಕೆಗಳಾದ ಸಂಖ್ಯೆಗಳಲ್ಲಿ ಮಾತ್ರ ಶೇಷವಿಲ್ಲದೆ ನಡೆಯುತ್ತದೆ. ಧವಲಾದಲ್ಲಿ ಮೂರರಿಂದ ಭಾಗಿಸುವ ತ್ರಿಕಚ್ಛೇದವೂ ನಾಲ್ಕರಿಂದ ಭಾಗಿಸುವ ಚತುರ್ಥಚ್ಛೇದವೂ ಇವೆ. ನಮ್ಮ ಸಂಖ್ಯೆಗೆ ಚತುರ್ಥಚ್ಛೇದ 48. ತ್ರಿಕಚ್ಛೇದ ಮೊದಲ ಹೆಜ್ಜೆಯಲ್ಲಿಯೇ ಮುರಿಯುತ್ತದೆ. ಹಾಗೆಯೇ ಅಂತರ್ಜಾಲದ ಹಳೆಯ ಪದ್ಧತಿಯ ವಿಳಾಸಗಳ ಒಟ್ಟು ಸಂಖ್ಯೆ ಸರಿಯಾಗಿ ಬಾದಾಲವೇ ಆಗಿದೆ ಎಂದು ಮೊಮ್ಮಕ್ಕಳು ತೋರಿಸಿದರು. ಕಂಪ್ಯೂಟರೂ ಎರಡರ ಮೇಲೆಯೇ ನಿಂತದ್ದರಿಂದ ಹಾಗೆ ಆಗಿದೆಯೇ ಹೊರತು ಅದರಲ್ಲಿ ಹೆಮ್ಮೆಪಡಲು ಬೇರೇನೂ ಇಲ್ಲ.

ಇಷ್ಟು ದೊಡ್ಡ ಸಂಖ್ಯೆಯನ್ನು ಹೇಳುವುದು ಹೇಗೆ? ನಮ್ಮ ಕಡೆಯ ಮಳಖೇಡವನ್ನು ರಾಜಧಾನಿ ಮಾಡಿಕೊಂಡಿದ್ದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ, ಕ್ರಿ.ಶ. 850ರ ಸುಮಾರಿಗೆ ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಅವರಿಗೆ ಸಂಖ್ಯೆಗಳೊಡನೆ ಆಟವಾಡುವುದೂ ಇಷ್ಟ. 27994681ನ್ನು 441ರಿಂದ ಗುಣಿಸಿ 12345654321 ಎಂಬ, ಎರಡು ತುದಿಗಳಿಂದಲೂ ಒಂದೇ ಬಗೆಯಾಗಿ ಓದಿಸಿಕೊಳ್ಳುವ ಹಾರವನ್ನು ಅವರು ಕಟ್ಟುತ್ತಾರೆ. ಇದರಲ್ಲಿ ಒಂದು ಸೊಗಸಿದೆ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. ಅವೆರಡನ್ನೂ ಗುಣಿಸಿದಾಗ ಬಂದದ್ದು 111111ರ ವರ್ಗ. ಮುತ್ತುಗಳೂ ವರ್ಗ, ಹಾರವೂ ವರ್ಗ. ಆದರೆ ಮಹಾವೀರಾಚಾರ್ಯರ ಇಪ್ಪತ್ತನಾಲ್ಕು ಹೆಸರುಗಳು ನಮ್ಮ ಇಪ್ಪತ್ತೊಂಬತ್ತು ಅಂಕಗಳ ಸಂಖ್ಯೆಗೆ ಐದು ಸ್ಥಾನ ಕಡಿಮೆ ಬೀಳುತ್ತವೆ. ಕೋಟಿಯ ಲೆಕ್ಕದಲ್ಲಿ ಹೇಳಬೇಕಾದರೆ ಬಲದಿಂದ ಏಳೇಳು ಅಂಕಗಳಾಗಿ ಕಡಿದು 7, 9228162, 5142643, 3759354, 3950336 ಎಂದು ಐದು ಕಂತುಗಳಲ್ಲಿ ಓದಬೇಕು.

ಆಚಾರ್ಯ ನೇಮಿಚಂದ್ರರು ಆರಿಸಿಕೊಂಡದ್ದು ಬೇರೆಯ ದಾರಿ. ಸಂಖ್ಯೆಯನ್ನು ಪಂಚಮ ವರ್ಗದ ಘನ ಎಂದು ಹೇಳಿ, ಮುಂದಿನ ಗಾಥೆಯಲ್ಲಿ ಅದರ ಒಂದೊಂದು ಅಂಕವನ್ನೂ ಕಟಪಯಾದಿ ಅಕ್ಷರಗಳಲ್ಲಿ ಇಟ್ಟಿದ್ದಾರೆ. ಈ ಪದ್ಧತಿಯಲ್ಲಿ ಕಕಾರದಿಂದ ಒಂಬತ್ತು ಅಕ್ಷರಗಳಿಗೆ 1ರಿಂದ 9, ಟಕಾರದಿಂದಲೂ ಹಾಗೆಯೇ, ಪಕಾರದಿಂದ 1ರಿಂದ 5, ಯಕಾರದಿಂದ 1ರಿಂದ 8. ಞ ಮತ್ತು ನ ಸೊನ್ನೆ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನಕ್ಕೆ ಮಾತ್ರ ಬೆಲೆ, ಮತ್ತು ಅಂಕಗಳನ್ನು ಬಲದಿಂದ ಎಡಕ್ಕೆ ಇಡಬೇಕು. ನಮ್ಮ ಊರ ಹೆಸರನ್ನೇ ತೆಗೆದುಕೊಳ್ಳಿ. ಕಲ್ಮಲದಲ್ಲಿ ಕ ಒಂದು, ಲ್ಮದ ಮ ಐದು, ಲ ಮೂರು. ಬಲದಿಂದ ಎಡಕ್ಕೆ ಇಟ್ಟರೆ 351. ಅದು ಒಂದರಿಂದ ಇಪ್ಪತ್ತಾರರವರೆಗಿನ ಸಂಖ್ಯೆಗಳ ಮೊತ್ತವೂ ಹೌದು! (ಇದಕ್ಕೆ ಯಾವ ಮಹತ್ವವೂ ಇಲ್ಲ, ಕಂಡಿತು, ಬರೆದೆ.) ಗಾಥೆಯ ಮೊದಲ ಅಕ್ಷರ ತಕಾರ, ಅಂದರೆ ಆರು, ಬಿಡಿ ಸ್ಥಾನದ ಅಂಕ. ಕೊನೆಯದು ಸಕಾರ, ಅಂದರೆ ಏಳು, ಎಲ್ಲಕ್ಕೂ ಮೇಲಿನ ಸ್ಥಾನ. ನಡುವಿನ ಇಪ್ಪತ್ತೇಳನ್ನೂ ನಾನು ಒಂದೊಂದಾಗಿ ತಾಳೆ ನೋಡಿದ್ದೇನೆ. ಒಂದೂ ತಪ್ಪಿಲ್ಲ.

ಇದು ಸಣ್ಣ ಮಾತಲ್ಲ. ಗಾಥೆ ಸಾವಿರ ವರ್ಷ ಓಲೆಯಿಂದ ಓಲೆಗೆ ಕೈಬರಹದಲ್ಲಿ ಇಳಿದುಬಂದದ್ದು. ನಮ್ಮ ಲಿಪಿಯಲ್ಲಿ ಪ, ವ, ಮ, ಷ ಈ ನಾಲ್ಕು ಎಷ್ಟು ಹತ್ತಿರದ ರೂಪಗಳೆಂಬುದು ಓಲೆ ಓದಿದವರಿಗೆ ಗೊತ್ತು. ಕಟಪಯಾದಿಯಲ್ಲಿ ಅವುಗಳ ಬೆಲೆ ಕ್ರಮವಾಗಿ 1, 4, 5, 6. ದಕಾರದ ಹೊಟ್ಟೆ ಸೀಳುವುದನ್ನು ಲಿಪಿಕಾರ ಮರೆತರೆ ಒಂಬತ್ತು ಇದ್ದದ್ದು ಎಂಟಾಗುತ್ತದೆ. ಪದ್ಯದಲ್ಲಿ ಒಂದು ಅಕ್ಷರ ತಪ್ಪಿದರೆ ಸಾಮಾನ್ಯವಾಗಿ ಅರ್ಥ ಕೆಟ್ಟು ಓದುಗ ಎಚ್ಚರಗೊಳ್ಳುತ್ತಾನೆ; ಅಂಕವನ್ನು ಹೇಳುವ ಅಕ್ಷರ ತಪ್ಪಿದರೆ ಇನ್ನೊಂದು ಅಂಕವಾಗುತ್ತದೆ, ಅಷ್ಟೇ. ಆದರೆ ಇದು ಎಣಿಸಿ ಬಂದ ಸಂಖ್ಯೆಯಲ್ಲ, ಎರಡರಿಂದ ಕಟ್ಟಿದ ಸಂಖ್ಯೆ. ಅನುಮಾನ ಬಂದವನು ಮತ್ತೆ ಗುಣಿಸಿ ಓಲೆಯನ್ನು ತಿದ್ದಬಹುದು. ಗುಣಿಸಲು ಪುರಸೊತ್ತಿಲ್ಲದವನಿಗೆ ಒಂಬತ್ತರ ತಾಳೆ ಇದೆ. ಎರಡನ್ನು ಆರು ಬಾರಿ ಇಟ್ಟು ಗುಣಿಸಿದರೆ 64, ಒಂಬತ್ತರಿಂದ ಭಾಗಿಸಿದರೆ ಶೇಷ ಒಂದು. ತೊಂಬತ್ತಾರರಲ್ಲಿ ಹದಿನಾರು ಆರುಗಳಿವೆ, ಆದ್ದರಿಂದ ನಮ್ಮ ಸಂಖ್ಯೆಗೂ ಶೇಷ ಒಂದೇ ಬರಬೇಕು. ಇಪ್ಪತ್ತೊಂಬತ್ತು ಅಂಕಗಳನ್ನು ಕೂಡಿದರೆ 127; ಒಂದು, ಎರಡು, ಏಳು ಕೂಡಿದರೆ ಹತ್ತು; ಅದನ್ನು ಕೂಡಿದರೆ ಒಂದು. ಅಕ್ಕಪಕ್ಕದ ಅಂಕಗಳು ಅದಲುಬದಲಾದರೆ ಈ ತಾಳೆಗೆ ಗೊತ್ತಾಗುವುದಿಲ್ಲ. ಅದಕ್ಕೆ ಹನ್ನೊಂದರ ತಾಳೆ. ಒಂದು ಬಿಟ್ಟು ಒಂದು ಅಂಕಗಳನ್ನು ಕೂಡಿದರೆ 79 ಮತ್ತು 48, ಅಂತರ 31, ಹನ್ನೊಂದಕ್ಕೆ ಶೇಷ ಒಂಬತ್ತು. ಎರಡರ ಗುಣಾಕಾರದಿಂದ ಲೆಕ್ಕ ಹಾಕಿದರೂ ಒಂಬತ್ತೇ.

ಗೊಮ್ಮಟಸಾರದ ಈ ಲೆಕ್ಕಗಳು ಉತ್ತರ ಭಾರತಕ್ಕೆ ಹೋದದ್ದು ಕನ್ನಡದ ಮೂಲಕ ಎಂಬುದನ್ನು ನಮ್ಮವರೇ ಮರೆತಿದ್ದಾರೆ. ಅಭಯಚಂದ್ರರ ಶಿಷ್ಯ ಕೇಶವವರ್ಣಿ ಶಕ 1281ರಲ್ಲಿ, ಎಂದರೆ ಕ್ರಿ.ಶ. 1359ರಲ್ಲಿ, ಗ್ರಂಥಕ್ಕೆ ಕನ್ನಡ ವೃತ್ತಿಯನ್ನು ಬರೆದರು. ಅದನ್ನು ಆಧರಿಸಿ ಮತ್ತೊಬ್ಬ ನೇಮಿಚಂದ್ರರು ಸಂಸ್ಕೃತದಲ್ಲಿ ಜೀವತತ್ತ್ವಪ್ರದೀಪಿಕೆಯನ್ನು ಬರೆದರು. ಅದನ್ನು ಆಧರಿಸಿ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ತಮ್ಮ ಭಾಷೆಯಲ್ಲಿ ಸಮ್ಯಗ್‌ಜ್ಞಾನಚಂದ್ರಿಕೆಯನ್ನು ರಚಿಸಿದರು. ಸಂಸ್ಕೃತ ಟೀಕೆಯೂ ಕೇಶವವರ್ಣಿಯದೇ ಎಂಬ ತಪ್ಪು ತಿಳಿವಳಿಕೆ ಬಹುಕಾಲ ಇತ್ತು. ಬೆಳಗಾವಿ ಜಿಲ್ಲೆಯ ಸದಲಗಾದವರಾದ ಡಾ. ಎ. ಎನ್. ಉಪಾಧ್ಯೆಯವರು ಅದನ್ನು ನಿವಾರಿಸಿ ಕನ್ನಡ ವೃತ್ತಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿದರು. ಧವಲಾದ ಕಥೆಯೂ ಇಂಥದೇ. ಮೂಡಬಿದಿರೆಯ ಬಸದಿಯಲ್ಲಿ ಹಳಗನ್ನಡ ಲಿಪಿಯ ಓಲೆಗಳಲ್ಲಿ ಮಾತ್ರ ಉಳಿದಿದ್ದ ಆ ಟೀಕೆ ಡಾ. ಹೀರಾಲಾಲ ಜೈನರ ಸಂಪಾದನೆಯಲ್ಲಿ 1939ರಿಂದ 1958ರವರೆಗೆ ಹದಿನಾರು ಸಂಪುಟಗಳಾಗಿ ಹೊರಬಂತು.

ಈಗ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಷಟ್ಖಂಡಾಗಮದ ದ್ರವ್ಯಪ್ರಮಾಣದ ಪ್ರಕರಣದಲ್ಲಿ ಸೂತ್ರವು ಎರಡು ಜೊತೆ ಮಿತಿಗಳನ್ನು ಹೇಳುತ್ತದೆ. ಒಂದು, ಕೋಟಿಯನ್ನು ಮೂರು ಬಾರಿ ಇಟ್ಟು ಗುಣಿಸಿದ್ದಕ್ಕಿಂತ ಮೇಲೆ, ನಾಲ್ಕು ಬಾರಿ ಇಟ್ಟು ಗುಣಿಸಿದ್ದಕ್ಕಿಂತ ಕೆಳಗೆ. ಇನ್ನೊಂದು, ಎರಡರ ಆರನೆಯ ವರ್ಗಕ್ಕಿಂತ ಮೇಲೆ, ಏಳನೆಯ ವರ್ಗಕ್ಕಿಂತ ಕೆಳಗೆ. ವರ್ಗಗಳ ಮಿತಿ ವಿಶಾಲವಾದದ್ದು. ಏಳನೆಯ ವರ್ಗದಲ್ಲಿ ಮೂವತ್ತೊಂಬತ್ತು ಅಂಕಗಳಿವೆ, ನಮ್ಮ ಸಂಖ್ಯೆ ಅದರೊಳಗೆ ಸುಖವಾಗಿ ಇರುತ್ತದೆ. ನಾನು ತಾಳೆ ನೋಡಿದ್ದು ಇದೊಂದನ್ನೇ. ಕೋಟಿಯ ಮಿತಿ ಬಿಗಿಯಾದದ್ದು. ಅದರ ಕೆಳಗಿನ ಗೆರೆಯನ್ನು ನಮ್ಮ ಸಂಖ್ಯೆ ದಾಟುತ್ತದೆ, ಸರಿ. ಮೇಲಿನ ಗೆರೆಯನ್ನೂ ದಾಟಿಬಿಡುತ್ತದೆ, ಅದೂ ಹತ್ತಿರ ಹತ್ತಿರ ಎಂಟು ಪಟ್ಟು. ಮೇಲೆ ಐದು ಕಂತುಗಳಲ್ಲಿ ಓದಿದಾಗ ಮೊದಲು ಬಂದ ಆ ಏಳು, ಏಳು ಕೋಟಿ-ಕೋಟಿ-ಕೋಟಿ-ಕೋಟಿಯೇ. ಹುಡುಗಿ ಹೇಳಿದ್ದು ಅಕ್ಷರಶಃ ಸರಿ.

ಗೋಷ್ಠಿಯ ಹಿರಿಯರೊಬ್ಬರು, ಇದನ್ನು ಎತ್ತಿ ಆಡಬೇಡಿ, ಜನರ ಶ್ರದ್ಧೆ ಸಡಿಲವಾದೀತು ಎಂದು ಮನೆಗೆ ಬಂದು ತಿಳಿಹೇಳಿದರು. ಅವರ ಕಾಳಜಿಯನ್ನು ಗೌರವಿಸುತ್ತೇನೆ, ಮಾತನ್ನು ಒಪ್ಪಲಾರೆ. ತಿಳಿಯದೆ ತಪ್ಪು ಬರೆದ ಖಾತೆ ತಪ್ಪು ಖಾತೆ ಮಾತ್ರ; ತಿಳಿದ ಮೇಲೆಯೂ ಅದನ್ನೇ ಮುಂದಿನ ವರ್ಷಕ್ಕೆ ಒಯ್ದರೆ ಅದು ಕೂಟಲೇಖಕ್ರಿಯೆ, ಸತ್ಯಾಣುವ್ರತದ ಅತಿಚಾರ. ಇನ್ನೊಬ್ಬರು, ಇಂದಿನ ಜಗತ್ತಿನ ಜನಸಂಖ್ಯೆಯೇ 2022ರ ನವೆಂಬರಿನಲ್ಲಿ 800 ಕೋಟಿ ಮುಟ್ಟಿತೆಂದು ವಿಶ್ವಸಂಸ್ಥೆ ಹೇಳಿರುವಾಗ ಈ ಸಂಖ್ಯೆಗೆ ಅರ್ಥವೇನು ಎಂದರು. ಅದು ಬೇರೆ ಪ್ರಶ್ನೆ. ಗೊಮ್ಮಟಸಾರ ಹೇಳುವುದು ನಲವತ್ತೈದು ಲಕ್ಷ ಯೋಜನ ವಿಸ್ತಾರದ ಎರಡೂವರೆ ದ್ವೀಪಗಳ ಮನುಷ್ಯಲೋಕದ ಮಾತನ್ನು. ಜನಗಣತಿಯ ಪುಸ್ತಕದೊಂದಿಗೆ ಅದನ್ನು ತಾಳೆ ಹಾಕುವುದು ಬೇರೆ ಬೇರೆ ಅಂಗಡಿಗಳ ಖಾತೆಗಳನ್ನು ಒಂದಕ್ಕೊಂದು ತಾಳೆ ಹಾಕಿದಂತೆ. ಸೂತ್ರ ಮತ್ತು ಗಾಥೆ ಒಂದೇ ಅಂಗಡಿಯವು. ಅಲ್ಲಿ ತಾಳೆ ಕೇಳುವ ಹಕ್ಕು ನಮಗಿದೆ.

ಹಾಗೆಂದು ಯಾವುದೋ ಒಂದನ್ನು ಹೊಡೆದುಹಾಕುವ ಅಧಿಕಾರವೂ ನನಗಿಲ್ಲ. ಈ ವಿಷಯದಲ್ಲಿ ವೀರಸೇನಾಚಾರ್ಯರ ರೀತಿಯೇ ನಮಗೆ ದಾರಿ. ಪರಂಪರೆಯಿಂದ ಬಂದ ಎರಡು ಉಪದೇಶಗಳು ಹೊಂದದಿದ್ದಾಗ ಅವರು ಒಂದನ್ನು ಮುಚ್ಚಿಡುವುದಿಲ್ಲ. ಎರಡನ್ನೂ ದಾಖಲಿಸಿ, ನಿರ್ಣಯಿಸಲು ಆಧಾರವಿಲ್ಲದ ಕಡೆ ಸುಮ್ಮನಿರುತ್ತಾರೆ. ಸಂಯತರಾದ ಮುನಿಗಳ ಸಂಖ್ಯೆಯನ್ನೇ ನೋಡಿ. ದಕ್ಷಿಣ ಪ್ರತಿಪತ್ತಿಯಂತೆ ಅದು ಒಂಬತ್ತು ಕೋಟಿಗೆ ಮೂರು ಕಡಿಮೆ, 89999997. ಉತ್ತರ ಪ್ರತಿಪತ್ತಿಯಂತೆ 69999996. ಎರಡೂ ಧವಲಾದಲ್ಲಿವೆ. ಮೊದಲನೆಯದನ್ನು ಹಳೆಯ ಗಾಥೆಯು ಆದಿಯಲ್ಲಿ ಏಳು, ಅಂತ್ಯದಲ್ಲಿ ಎಂಟು, ನಡುವೆ ಆರು ಒಂಬತ್ತುಗಳು ಎಂಬ ಅರ್ಥದಲ್ಲಿ ಹೇಳುತ್ತದೆ. ಅಂಕಗಳು ಬಲದಿಂದ ಎಡಕ್ಕೆ ನಡೆಯುತ್ತವೆಂಬ ನಿಯಮ ಮರೆತು ಎಡದಿಂದ ಓದಿದವರು ಅದನ್ನು 79999998 ಎಂದು ಆಧುನಿಕ ಪುಸ್ತಕಗಳಲ್ಲಿ ಅಚ್ಚು ಹಾಕಿಸಿದ್ದಾರೆ. ಒಂದು ಕೋಟಿಗೆ ಒಂದು ಕಡಿಮೆ ಮುನಿಗಳು ಓದುವ ದಿಕ್ಕಿನಲ್ಲಿಯೇ ಕಳೆದುಹೋದರು. ಎರಡನೆಯದರಲ್ಲಿ ಆದಿಯೂ ಆರು, ಅಂತ್ಯವೂ ಆರು. ಮಹಾವೀರಾಚಾರ್ಯರ ಹಾರದಂತೆ ಯಾವ ಕಡೆಯಿಂದ ಓದಿದರೂ ನಷ್ಟವಿಲ್ಲ.

ಆದ್ದರಿಂದ ನನ್ನ ಟಿಪ್ಪಣಿ ಪುಸ್ತಕದಲ್ಲಿ "ಎಲ್ಲ ಮಿತಿಗಳೊಳಗೆ" ಎಂಬುದನ್ನು ಹೊಡೆದು, ವರ್ಗದ ಮಿತಿಯೊಳಗೆ ಇದೆ, ಕೋಟಿಯ ಮೇಲಿನ ಮಿತಿಯನ್ನು ಮೀರಿದೆ ಎಂದು ಬರೆದಿದ್ದೇನೆ. ವ್ಯತ್ಯಾಸವನ್ನು ಅನಾಮತ್ತು ಖಾತೆಗೆ ಹಾಕಿದೆ. ಬಿ.ಕಾಂ. ಓದುವಾಗ ಮೇಷ್ಟ್ರು ಹೇಳುತ್ತಿದ್ದರು: ತಾಳೆಯಾಗದ ಮೊತ್ತವನ್ನು ಕಾಣುವ ಜಾಗದಲ್ಲಿ ಇಡಬೇಕು, ಖರ್ಚಿನಲ್ಲಿ ಅಡಗಿಸಬಾರದು. ಗೋಷ್ಠಿಯವರಿಗೂ ಪತ್ರ ಬರೆದು ಮುಂದಿನ ಸಭೆಯಲ್ಲಿ ಓದಲು ಕೇಳಿಕೊಂಡೆ, ಓದಿದರು.

ಆ ಹುಡುಗಿಗೆ ಬೇರೆಯಾಗಿ ಒಂದು ಪತ್ರ ಬರೆದು, ಅದರ ಜೊತೆ ಸಂಖ್ಯೆಯನ್ನು ತೊಂಬತ್ತಾರು ಬಾರಿ ಅರ್ಧಿಸಿದ ಪಟ್ಟಿಯನ್ನು ನಾನೇ ಕೈಯಿಂದ ಬರೆದು ಕಳಿಸಿದೆ. ಹದಿನೈದು ದಿನದಲ್ಲಿ ಪಟ್ಟಿ ಹಿಂದಿರುಗಿತು. ಪ್ರತಿ ಸಾಲಿನ ಪಕ್ಕದಲ್ಲಿ ಅವಳು ಒಂಬತ್ತರ ಶೇಷವನ್ನು ಬರೆದಿದ್ದಳು: 5, 7, 8, 4, 2, 1, ಮತ್ತೆ 5, 7, 8, 4, 2, 1. ನಲವತ್ತೊಂದನೆಯ ಸಾಲಿಗೆ ಕೆಂಪು ಗೆರೆ ಎಳೆದಿದ್ದಳು. ಅಲ್ಲಿ ಶೇಷ ಎರಡು ಬರಬೇಕಾಗಿತ್ತು, ಐದು ಬಂದಿತ್ತು. ಮುಂದಿನ ಸಾಲು ಸರಿಯಾಗಿತ್ತು. ಲೆಕ್ಕ ತಪ್ಪಿರಲಿಲ್ಲ, ಚೊಕ್ಕ ಪ್ರತಿ ಮಾಡುವಾಗ 3 ಇದ್ದ ಕಡೆ 6 ಬರೆದಿದ್ದೆ.